ಪೊಟ್ಟಣದೊಳಗಿನ ಅಪರೂಪ

ಸಾವಳಗಿಯಲ್ಲಿ ನಾವು ಹುಡುಗರಾಗಿದ್ದಾಗ ಯಾವುದು ಅಪರೂಪ, ಯಾವುದು ಸಾಮಾನ್ಯ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಊರಿನ ಜನ ಸೇದುವ ಸಿಗರೇಟು. ಎಂಬತ್ತರ ದಶಕದ ಮಾತು. ಜಮಖಂಡಿ ತಾಲೂಕಿನಲ್ಲಿ, ಕೃಷ್ಣೆಯ ಉತ್ತರದ ಕಡೆಗಿರುವ ನಮ್ಮೂರು ಆಗ ಇನ್ನೂ ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಶಾಲೆ ಬಿಟ್ಟ ಕೂಡಲೇ ನಮ್ಮ ಕಣ್ಣು ಬಸ್ಸು ನಿಲ್ಲುವ ಕಡೆಯ ಪಾನಪಟ್ಟಿ ಅಂಗಡಿ, ಚಹಾದಂಗಡಿಗಳ ಮುಂದಿನ ನೆಲದ ಮೇಲೆ. ಖಾಲಿ ಪಾಕೀಟು ಸಿಕ್ಕರೆ ಅದರ ಮುಖದ ಭಾಗ ಹರಿದು, ಅಂಗೈಯಲ್ಲಿ ಒತ್ತಿ ನೆಟ್ಟಗೆ ಮಾಡಿ, ಪಾಟಿಚೀಲದೊಳಗೆ ಪುಸ್ತಕದ ನಡುವೆ ಇಡುತ್ತಿದ್ದೆವು.

ಪ್ರತಿ ಪಾಕೀಟಿಗೂ ಒಂದು ಬೆಲೆ ಇತ್ತು. ಹಳದಿ ಚಾರ್ಮಿನಾರಿಗೆ 5. ಬೀಡಿ ಬಿಟ್ಟರೆ ಊರಲ್ಲಿ ಹೆಚ್ಚು ಜನ ಸೇದುತ್ತಿದ್ದದ್ದು ಅದನ್ನೇ. ಪನಾಮಾ, ಬರ್ಕಲಿಗೆ 10. ಸಿಜರ್ಸ್‌ಗೆ 25. ಗೋಲ್ಡ್ ಫ್ಲೇಕ್, ವಿಲ್ಸ್ ಅಂದರೆ 100. 555 ಎಂಬ ಪಾಕೀಟಿಗೆ 1000. ಅದನ್ನು ಊರಲ್ಲಿ ಯಾರೂ ಸೇದುತ್ತಿರಲಿಲ್ಲ. ಮಿಲಿಟರಿಯಿಂದ ರಜೆಗೆ ಬಂದವರೋ, ಮುಂಬೈಯಿಂದ ಜಾತ್ರೆಗೆ ಬಂದ ಬೀಗರೋ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನೆಲದ ಮೇಲೆ ದುಂಡಗೆ ಗೆರೆ ಎಳೆದು, ನಡುವೆ ಪಾಕೀಟುಗಳನ್ನು ಒಂದರ ಮೇಲೊಂದು ಪೇರಿಸಿ, ದೂರದಿಂದ ಚಪ್ಪಟೆ ಕಲ್ಲು ಬೀಸಿ, ಗೆರೆಯಾಚೆ ಹಾರಿದವನ್ನು ಗೆದ್ದುಕೊಳ್ಳುವ ಆಟ. ಒಬ್ಬ ಗೋಲ್ಡ್ ಫ್ಲೇಕ್ ಹೂಡಿದರೆ ಎದುರಿನವನು 20 ಚಾರ್ಮಿನಾರ್ ಹೂಡಬೇಕು. ಶಾಲೆಯ ಲೆಕ್ಕದಲ್ಲಿ ಹಿಂದೆ ಬಿದ್ದವರೂ ಈ ಭಾಗಾಕಾರದಲ್ಲಿ ತಪ್ಪುತ್ತಿರಲಿಲ್ಲ.

ಬನಹಟ್ಟಿಯಿಂದ ನಮ್ಮ ಸೋದರತ್ತೆಯ ಮಗ ಸೂಟಿಗೆ ಬಂದಾಗ ಜಗಳ ಹತ್ತುತ್ತಿತ್ತು. ರಬಕವಿ, ಬನಹಟ್ಟಿ ನೇಕಾರರ ಊರುಗಳು. ಸೀರೆ ಖರೀದಿಗೆ ದೂರದೂರದ ವ್ಯಾಪಾರಿಗಳು ಬರುವ ಪೇಟೆ. ಅಲ್ಲಿ ಗೋಲ್ಡ್ ಫ್ಲೇಕ್ ಬೀದಿಯಲ್ಲೇ ಬಿದ್ದಿರುತ್ತಿತ್ತು. ಅವನು ಅದನ್ನು ಚೀಲದ ತುಂಬ ತಂದು ನಮ್ಮ ಆಟದಲ್ಲಿ ಕೂತರೆ ನಮ್ಮ ಗತಿ ಏನು?

"ನೀ ತಂದದ್ದು ಬನಹಟ್ಟಿ ಮಾಲು. ಐವತ್ತ ಹಿಡಿತೀವಿ."

"ಯಾಕಲೇ? ಆಟ ನಡದದ್ದು ಸಾವಳಗ್ಯಾಗ. ಸಾವಳಗಿ ರೇಟ್ ಹಿಡೀರಿ."

ದೊಡ್ಡ ಹುಡುಗನೊಬ್ಬ ನ್ಯಾಯ ಹೇಳಿ 75ಕ್ಕೆ ಇತ್ಯರ್ಥ ಮಾಡುತ್ತಿದ್ದ. ಇಬ್ಬರಿಗೂ ಸಮಾಧಾನವಿರುತ್ತಿರಲಿಲ್ಲ, ಆದರೂ ಆಟ ನಡೆಯುತ್ತಿತ್ತು.

ದರ ಕುಸಿಯುವುದನ್ನೂ ನಾವು ಕಣ್ಣಾರೆ ಕಂಡೆವು. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಸಿದ್ದು ನ್ಯಾಮಗೌಡರು ಮುಂದಾಳಾಗಿದ್ದ ಆ ಕೆಲಸಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರನ್ನು ಸೋಲಿಸುವಷ್ಟು ಅದು ಮನೆಮಾತಾಯಿತು. ಆ ಬ್ಯಾರೇಜು ನೋಡಲು ಎಲ್ಲೆಲ್ಲಿಂದಲೋ ಜನ ಬಂದರು, ಅವರ ಜೊತೆ ಅವರ ಸಿಗರೇಟೂ ಬಂತು. ಮುಂದೆ ನಮ್ಮ ಕಡೆ ದ್ರಾಕ್ಷಿ ತೋಟಗಳು ಹಬ್ಬಿದ ಮೇಲಂತೂ ಕೊಯ್ಲಿನ ದಿನಗಳಲ್ಲಿ ಸಾಂಗಲಿ, ತಾಸಗಾಂವ ಕಡೆಯ ವ್ಯಾಪಾರಿಗಳು ಊರಲ್ಲೇ ಬೀಡುಬಿಡುತ್ತಿದ್ದರು. ವಿಲ್ಸ್ ಪಾಕೀಟಿನ ಬೆಲೆ ನೂರರಿಂದ ಇಳಿಯುತ್ತ ಇಳಿಯುತ್ತ ಸಿಜರ್ಸ್ ಮಟ್ಟಕ್ಕೆ ಬಂತು. ಸಭೆ ಸೇರಿ ಯಾರೂ ಅದನ್ನು ಇಳಿಸಲಿಲ್ಲ. ಎಲ್ಲರ ಚೀಲದಲ್ಲೂ ಹೆಚ್ಚಾಯಿತು, ಅಷ್ಟೇ. ವ್ಯಾಪಾರಿಗಳು ಹೋದ ಮೇಲೆ, ಮಳೆಗಾಲದಲ್ಲಿ, ಅದು ಮತ್ತೆ ಮೆಲ್ಲಗೆ ಏರುತ್ತಿತ್ತು.

ಆ ಅಪರೂಪಕ್ಕೆ ಒಡೆಯನಿರಲಿಲ್ಲ. ಸಿಗರೇಟು ಮಾಡಿದವರಿಗೆ ನಮ್ಮ ಆಟ ಗೊತ್ತೇ ಇರಲಿಲ್ಲ. ಊರಿನ ಹಾದಿ, ಪೇಟೆ, ಹಂಗಾಮು, ಬೀಗತನ ಎಲ್ಲ ಕೂಡಿ ಒಂದು ಹರಿದ ಕಾಗದಕ್ಕೆ ಬೆಲೆ ಕಟ್ಟುತ್ತಿದ್ದವು. ಮುಂದೆ ನಾನು ಕಂಡ ಕಾರ್ಡುಗಳ ಕತೆಯನ್ನು ಈ ಒಂದು ಸಂಗತಿಯ ಪಕ್ಕದಲ್ಲಿಟ್ಟೇ ನೋಡುತ್ತೇನೆ.

ಒಡೆಯನಿದ್ದ ಅಪರೂಪವನ್ನು ನಾನು ಮೊದಲು ಕಂಡದ್ದು ಕಿರಾಣಿ ಅಂಗಡಿಯ ಚೀಟಿ ಹಲಗೆಯಲ್ಲಿ. ದೊಡ್ಡ ರಟ್ಟಿನ ಮೇಲೆ ಸಾಲುಸಾಲಾಗಿ ಅಂಟಿಸಿದ ಮಡಿಚಿದ ಚೀಟಿಗಳು. ಮೇಲೆ ತೂಗಿಬಿಟ್ಟ ಪುಗ್ಗಾ, ಬಾಚಣಿಕೆ, ಪ್ಲಾಸ್ಟಿಕ್ ಕನ್ನಡಕ. ಎಲ್ಲದರ ನಡುವೆ ಎಲ್ಲರಿಗೂ ಬೇಕಾದ ಒಂದು ದೊಡ್ಡ ಬಹುಮಾನ. ಹತ್ತು ಪೈಸೆ ಕೊಟ್ಟು ಒಂದು ಚೀಟಿ ಹರಿಯಬೇಕು. ಒಳಗಿನ ನಂಬರಿಗೆ ತಕ್ಕ ಸಾಮಾನು. ಒಂದು ಅಂಗಡಿಯಲ್ಲಿ ಹಲಗೆಯ ಚೀಟಿಗಳೆಲ್ಲ ಮುಗಿದರೂ ದೊಡ್ಡ ಬಹುಮಾನ ಅಲ್ಲೇ ತೂಗುತ್ತಿತ್ತು. ಮರುದಿನ ಹೊಸ ಹಲಗೆ ಬಂದಾಗ ಅದೇ ಬಹುಮಾನ ಅದರ ಮೇಲೆ. ಅಳುತ್ತ ಮನೆಗೆ ಬಂದವನಿಗೆ ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಮೊದಲ ಹಲಗಿ ಮ್ಯಾಲಿನ ಚೀಟಿ ಎಣಸು. ಆಮ್ಯಾಲ ಸಾಮಾನು ಎಣಸು. ಆಮ್ಯಾಲ ರೊಕ್ಕಾ ಕೊಡು." ಅವ್ವ ಶಾಲೆ ಕಲಿತವಳಲ್ಲ. ಸಂಭವನೀಯತೆಯ ಬಗ್ಗೆ ನಾನು ಕೇಳಿದ ಮೊದಲ ಪಾಠ ಅದು. ಕಾಲೇಜಿನಲ್ಲಿ ಕೇಳಿದ್ದಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಆಮೇಲೆ ಬಂದದ್ದು ಬಿಗ್ ಫನ್. 1987ರ ಅಕ್ಟೋಬರ್‌ನಲ್ಲಿ ರಿಲಯನ್ಸ್ ವಿಶ್ವಕಪ್ಪು ನಮ್ಮ ದೇಶದಲ್ಲೂ ಪಾಕಿಸ್ತಾನದಲ್ಲೂ ಶುರುವಾಯಿತು. ಊರಲ್ಲಿ ಟಿವಿ ಇದ್ದ ಮನೆಗಳು ಬೆರಳೆಣಿಕೆಯಷ್ಟು, ಉಳಿದವರಿಗೆ ರೇಡಿಯೊ. ಆ ಗುಂಗಿನಲ್ಲೇ ಬಿಗ್ ಫನ್ ಬಬಲ್ ಗಮ್ಮಿನ ಜೊತೆ ಕ್ರಿಕೆಟ್ ಆಟಗಾರರ ಚಿತ್ರದ ಸಣ್ಣ ಕಾರ್ಡು ನಮ್ಮ ಕೈಗೆ ಬಂತು. ಕಾರ್ಡಿನ ಮೇಲೆ ಇಷ್ಟು ರನ್ನು ಎಂದು ಅಚ್ಚಾಗಿರುತ್ತಿತ್ತು, ಕೆಲವುದರ ಮೇಲೆ ವಿಕೆಟ್ಟು. ಹೇಳಿದಷ್ಟು ರನ್ನು, ವಿಕೆಟ್ಟು ಕೂಡಿಸಿ ಕೊಟ್ಟರೆ ಪುಟ ಸರಸರ ತಿರುವಿದಾಗ ಆಟಗಾರ ಬ್ಯಾಟು ಬೀಸುವುದು ಕಾಣುವ ಪುಟ್ಟ ಪುಸ್ತಕ ಸಿಗುತ್ತಿತ್ತು. ಯಾವ ಕಾರ್ಡು ಬರುತ್ತದೆ ಎಂಬುದು ಗಮ್ಮು ಬಿಚ್ಚುವ ತನಕ ಗೊತ್ತಿಲ್ಲ. ಮುಚ್ಚಿದ ಪೊಟ್ಟಣ, ಒಳಗೆ ಅದೃಷ್ಟ: ಇಂದು ಬೂಸ್ಟರ್ ಪ್ಯಾಕ್ ಎನ್ನುವುದರ ಸಣ್ಣ ರೂಪವೇ ಅದು.

ಕಂಪನಿ ಅಚ್ಚು ಹಾಕಿದ ಬೆಲೆ ಒಂದು, ನಾವು ಕಟ್ಟಿದ ಬೆಲೆ ಇನ್ನೊಂದು. ರನ್ನು ಕಡಿಮೆಯಿದ್ದರೂ ಕಪಿಲ್ ದೇವ್ ಕಾರ್ಡನ್ನು ಯಾರೂ ಬಿಟ್ಟುಕೊಡುತ್ತಿರಲಿಲ್ಲ. ನಮ್ಮ ಬೆಂಗಳೂರಿನವರೆಂದು ರೋಜರ್ ಬಿನ್ನಿಗೆ ಒಂದು ತೂಕ ಹೆಚ್ಚು. ಚೇತನ್ ಶರ್ಮಾ ಕಾರ್ಡಿನ ಕತೆಯನ್ನಂತೂ ಬಿಡಿಸಿಯೇ ಹೇಳಬೇಕು. 1986ರ ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಕೊನೆಯ ಎಸೆತಕ್ಕೆ ಜಾವೇದ್ ಮಿಯಾಂದಾದ್ ಸಿಕ್ಸರ್ ಹೊಡೆದದ್ದು ಅವರ ಬೌಲಿಂಗಿನಲ್ಲಿ. ಆ ಸಿಟ್ಟು ನಮ್ಮೂರಲ್ಲಿ ಆರಿರಲಿಲ್ಲ; ಅವರ ಚಿತ್ರ ಬಂದರೆ ಹುಡುಗರು ರನ್ನಿಗಾಗಿ ಮಾತ್ರ ಇಟ್ಟುಕೊಳ್ಳುತ್ತಿದ್ದರು. 1987ರ ಅಕ್ಟೋಬರ್ 31ರಂದು ನಾಗಪುರದಲ್ಲಿ ನ್ಯೂಜಿಲೆಂಡಿನ ಮೂವರನ್ನು ಬೆನ್ನುಬೆನ್ನಿಗೆ ಬೌಲ್ಡ್ ಮಾಡಿ ಅವರು ವಿಶ್ವಕಪ್ಪಿನ ಮೊದಲ ಹ್ಯಾಟ್ರಿಕ್ ಪಡೆದರು. ಅದೇ ಪಂದ್ಯದಲ್ಲಿ ಗಾವಸ್ಕರ್ ಏಕದಿನ ಕ್ರಿಕೆಟ್ಟಿನ ತಮ್ಮ ಒಂದೇ ಒಂದು ಶತಕ ಹೊಡೆದರು, ಔಟಾಗದೆ 103. ಮರುದಿನ ಗುಡಿಯ ಕಟ್ಟೆಯ ಮೇಲೆ ಚೇತನ್ ಶರ್ಮಾ ಕಾರ್ಡಿಗೆ ಹುಡುಗರು ಎರಡೆರಡು ಕಾರ್ಡು ಕೊಡಲು ಮುಂದಾದರು. ಕಾರ್ಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಆಟಗಾರನ ಒಂದು ಓವರು ಅದರ ಬೆಲೆಯನ್ನು ಬದಲಿಸಿತ್ತು. ನವೆಂಬರ್ 5ರಂದು ಮುಂಬೈ ಸೆಮಿಫೈನಲ್‌ನಲ್ಲಿ ಗ್ರಹಾಂ ಗೂಚ್ ಸ್ವೀಪ್ ಮಾಡಿ ಮಾಡಿ 115 ಹೊಡೆದು ನಮ್ಮನ್ನು ಸೋಲಿಸಿದ ಮೇಲೆ ಕಟ್ಟೆ ಕೆಲವು ದಿನ ಖಾಲಿಯಿತ್ತು.

ತೊಂಬತ್ತರ ದಶಕದಲ್ಲಿ ಕೇಬಲ್ ಬಂದು, ಅದರ ಹಿಂದೆ ಕುಸ್ತಿಪಟುಗಳ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡು ಬಂದಾಗ ನಾನು ಹೈಸ್ಕೂಲು ಮುಗಿಸುವ ಹಂತದಲ್ಲಿದ್ದೆ. ಎತ್ತರ, ತೂಕ, ಎದೆಯ ಸುತ್ತಳತೆ ಹೋಲಿಸಿ ಆಡುವುದು. ಅದರಲ್ಲಿ ಅಪರೂಪದ ಮಾತೇ ಇರಲಿಲ್ಲ, ಕಟ್ಟು ಕೊಂಡವರಿಗೆಲ್ಲ ಅದೇ ಕುಸ್ತಿಪಟುಗಳು. ಎರಡು ಸಾವಿರದ ದಶಕದಲ್ಲಿ ಚಿಪ್ಸ್ ಪೊಟ್ಟಣಗಳಲ್ಲಿ ಪೊಕೆಮಾನ್ ಚಿತ್ರದ ದುಂಡನೆಯ ಟಾಝೊ ಬಂತು. ತಂಗಿಯ ಮದುವೆಯ ಗಡಿಬಿಡಿಯಲ್ಲೂ ಸಂಬಂಧಿಕರ ಮಕ್ಕಳು ಅವನ್ನೇ ಎಣಿಸುತ್ತಿದ್ದದ್ದು ನೆನಪಿದೆ. ಆಮೇಲೆ ಐಪಿಎಲ್ ಆಟಗಾರರ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡು. ಅವನ್ನೆಲ್ಲ ನಾನು ದೂರದಿಂದ ನೋಡಿದವನು. ಮತ್ತೆ ಹತ್ತಿರದಿಂದ ನೋಡುವಂತಾದದ್ದು ಬೆಂಗಳೂರಿನಲ್ಲಿ ನನ್ನ ಮಗ ಪೊಕೆಮಾನ್ ಕಾರ್ಡು ಹಿಡಿದಾಗ. ಅವನಿಂದಾಗಿ ಈ ಕಾರ್ಡುಗಳ ಹಿಂದಿನ ಚರಿತ್ರೆಯನ್ನು ಹುಡುಕಿ ಓದಿದೆ. ಓದುತ್ತ ಹೋದಂತೆ ನಮ್ಮ ಪಾನಪಟ್ಟಿ ಅಂಗಡಿಯೇ ಎದುರಾಯಿತು.

ಅಮೆರಿಕದಲ್ಲೂ ಇದು ಆರಂಭವಾದದ್ದು ಸಿಗರೇಟಿನಿಂದಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಕೀಟು ಮುದುಡದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಚಿತ್ರ ಬಂತು, ಬೇಸ್‌ಬಾಲ್ ಆಟಗಾರರೂ ಬಂದರು. ಆ ಲೋಕದಲ್ಲಿ ಅತಿ ಹೆಸರುವಾಸಿಯಾದ ಕಾರ್ಡು ಹೋನಸ್ ವ್ಯಾಗ್ನರ್ ಎಂಬ ಆಟಗಾರನದು, 1909ರಿಂದ 1911ರ ನಡುವಿನದು. ತನ್ನ ಚಿತ್ರ ಬಳಸುವುದಕ್ಕೆ ಆತ ಒಪ್ಪಲಿಲ್ಲ. ಮುದ್ರಣ ಅರ್ಧಕ್ಕೆ ನಿಂತಿತು, ಹೊರಬಿದ್ದಷ್ಟೇ ಉಳಿಯಿತು. ಟಾಪ್ಸ್ ಕಂಪನಿಯ 1952ರ ಮಿಕಿ ಮ್ಯಾಂಟಲ್ ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಮಾರಾಟವಾಗದೆ ಉಳಿದ 1952ರ ಕಾರ್ಡಿನ ಪೆಟ್ಟಿಗೆಗಳನ್ನು ಕಂಪನಿಯವರೇ 1960ರಲ್ಲಿ ಸಮುದ್ರಕ್ಕೆ ಸುರಿಸಿದ್ದರು. ಒಬ್ಬ ಮನುಷ್ಯನ ಹಟ, ಗೋದಾಮಿನಲ್ಲಿ ಜಾಗದ ಕೊರತೆ: ಅಪರೂಪ ಹುಟ್ಟಿದ್ದು ಹೀಗೆ. ಅಲ್ಲಿಯೂ ಅದಕ್ಕೆ ಒಡೆಯನಿರಲಿಲ್ಲ.

ಒಡೆಯ ಬಂದದ್ದು ಅತಿಯಾಗಿ ಅಚ್ಚು ಹಾಕಿದ ಮೇಲೆ. ಎಂಬತ್ತರ ದಶಕದ ಕೊನೆಯಲ್ಲಿ ಬೇಸ್‌ಬಾಲ್ ಕಾರ್ಡುಗಳನ್ನು ಲೆಕ್ಕವಿಲ್ಲದಷ್ಟು ಮುದ್ರಿಸಿದರು, ಕೊಂಡವರೆಲ್ಲ ಜೋಪಾನವಾಗಿಟ್ಟರು, ಮುಂದೆ ಬೆಲೆ ನೆಲಕಚ್ಚಿತು. ಈ ನಡುವೆ ಕಂಪನಿಗಳು ಬೇಕೆಂದೇ ಕಡಿಮೆ ಮುದ್ರಿಸಿದ ಕಾರ್ಡುಗಳನ್ನು ಪೊಟ್ಟಣಗಳಲ್ಲಿ ಬಚ್ಚಿಡತೊಡಗಿದವು. 1990ರಲ್ಲಿ ಅಪ್ಪರ್ ಡೆಕ್ ಕಂಪನಿ ರೆಜಿ ಜಾಕ್ಸನ್ ಎಂಬ ಆಟಗಾರನಿಂದ 2,500 ಕಾರ್ಡುಗಳಿಗೆ ಸಹಿ ಹಾಕಿಸಿ ಎಲ್ಲೆಲ್ಲೋ ಸೇರಿಸಿತು. ಕೊಳ್ಳುವ ಕೈ ಚಿತ್ರವನ್ನು ಬಿಟ್ಟು ಬಚ್ಚಿಟ್ಟದ್ದರ ಕಡೆ ಚಾಚಿತು.

1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟ ಕಟ್ಟಿದರು. ಮುಚ್ಚಿದ ಪೊಟ್ಟಣದಲ್ಲಿ 15 ಕಾರ್ಡು: 11 ಸಾಮಾನ್ಯ, 3 ಅಷ್ಟೇನೂ ಸಿಗದವು, 1 ಅಪರೂಪದ್ದು. ಒಬ್ಬೊಬ್ಬರು ಕೆಲವೇ ಪೊಟ್ಟಣ ಕೊಳ್ಳುತ್ತಾರೆ, ಹೀಗಾಗಿ ಬಲಿಷ್ಠ ಕಾರ್ಡು ಒಂದು ಗುಂಪಿನಲ್ಲಿ ಒಬ್ಬರ ಹತ್ತಿರ ಇರುತ್ತದೆ, ಕಂಡವರು ಬೆರಗಾಗುತ್ತಾರೆ ಎಂಬುದು ಅವರ ಎಣಿಕೆ. ನನಗೆ ಇದು ಬಹಳ ಹಿಡಿಸಿದ ಯೋಚನೆ. ಯಾವುದು ಅಪರೂಪ ಎಂಬ ಗುರುತು ಆ ಕಾರ್ಡುಗಳ ಮೇಲೆ ಇರಲೂ ಇಲ್ಲ; ಆಡುವವರು ಆಡಿ, ಕೇಳಿ, ವಿನಿಮಯ ಮಾಡಿಯೇ ತಿಳಿಯಬೇಕಿತ್ತು. ಐದು ವರ್ಷಗಳ ನಂತರ, 1998ರಲ್ಲಿ, ಕಪ್ಪು, ಬೆಳ್ಳಿ, ಬಂಗಾರ ಬಣ್ಣದ ಗುರುತು ಕಾರ್ಡಿನ ಮೇಲೆಯೇ ಬಂತು. 1999ರಲ್ಲಿ ಅದೇ ಕಾರ್ಡು ಮಿರಿಮಿರಿ ಮಿಂಚುವ ಹಾಳೆಯಲ್ಲೂ ಸಿಗತೊಡಗಿತು. 2008ರಲ್ಲಿ ಅಪರೂಪದ ಮೇಲೆ ಇನ್ನೊಂದು ಮೆಟ್ಟಿಲು, ಸುಮಾರು 8 ಪೊಟ್ಟಣಕ್ಕೆ ಒಂದರಂತೆ. 2019ರಲ್ಲಿ ಸಂಗ್ರಹಕಾರರಿಗೆಂದೇ ಬೇರೆ ದುಬಾರಿ ಪೊಟ್ಟಣ. 2024ರಲ್ಲಿ ಬಂದ ಹೊಸ ಮಾದರಿಯ 14 ಕಾರ್ಡಿನ ಪೊಟ್ಟಣದಲ್ಲಿ ಅಪರೂಪದ ಗುರುತಿನವು ಒಂದರಿಂದ ನಾಲ್ಕರವರೆಗೂ ಇರಬಹುದು. ಅಪರೂಪದವು ಒಂದೇ ಪೊಟ್ಟಣದಲ್ಲಿ ನಾಲ್ಕು ಬಂದರೆ ಮಗು ಕಣ್ಣೆತ್ತಿ ಇನ್ನೂ ಮೇಲಿನದನ್ನೇ ನೋಡುತ್ತದೆ.

ಪೊಕೆಮಾನ್ ಕಾರ್ಡು ಜಪಾನಿನಲ್ಲಿ 1996ರಲ್ಲಿ, ಇಂಗ್ಲಿಷಿನಲ್ಲಿ 1999ರಲ್ಲಿ ಬಂತು. ಮೊದಲ ಇಂಗ್ಲಿಷ್ ಸರಣಿಯಲ್ಲಿ 102 ಕಾರ್ಡು, ಅದರಲ್ಲಿ ಮಿಂಚುವವು 16. ಸುಮಾರು 3 ಪೊಟ್ಟಣಕ್ಕೆ ಒಂದು ಮಿಂಚುವ ಕಾರ್ಡು. ಅವ್ವ ಹೇಳಿದಂತೆ ಎಣಿಸಿದೆ: ಆ 16ರಲ್ಲಿ ಎಲ್ಲರೂ ಹುಚ್ಚೆದ್ದು ಹುಡುಕಿದ ಚಾರಿಝಾರ್ಡ್ ಸಿಗಬೇಕಾದರೆ ಸರಾಸರಿ 48 ಪೊಟ್ಟಣ ಬಿಚ್ಚಬೇಕು. ಆದರೆ ಅದೇ ಸರಣಿಯಲ್ಲಿ ಜಗತ್ತಿಗೆಲ್ಲ ಪ್ರಿಯವಾದ ಪಿಕಾಚು ಸಾಮಾನ್ಯ ಕಾರ್ಡು! ಎಲ್ಲ ಮಕ್ಕಳಿಗೂ ಸಿಗಲೆಂದೇ ಹಾಗಿತ್ತೋ ಏನೋ, ಸಿಗುತ್ತಂತೂ ಇತ್ತು. ಚಾರಿಝಾರ್ಡನ್ನೂ ಪಿಕಾಚುವನ್ನೂ ಬರೆದದ್ದು ಒಬ್ಬರೇ ಕಲಾವಿದ, ಮಿತ್ಸುಹಿರೊ ಅರಿತಾ. ಅಪರೂಪದ್ದಕ್ಕೂ ಸಾಮಾನ್ಯದ್ದಕ್ಕೂ ಅದೇ ಕೈ, ಅದೇ ಶ್ರದ್ಧೆ.

ಈಗ ಮೆಟ್ಟಿಲು ಬಹಳ. 2000ದಲ್ಲೇ 82 ಕಾರ್ಡಿನ ಸರಣಿಯೊಂದರಲ್ಲಿ 83ನೆಯದೊಂದು ಗುಟ್ಟಾಗಿ ಸೇರಿತ್ತು. ಆಗ ಅದು ಸುದ್ದಿ. 2023ರ '151' ಎಂಬ ಸರಣಿಯಲ್ಲಿ ಪಟ್ಟಿಯ ಪ್ರಕಾರ 165 ಕಾರ್ಡು, ಆದರೆ ನಂಬರು ಓಡುವುದು 207ರವರೆಗೆ. ಮಗ ನನಗೆ ಪಾಠ ಮಾಡಿದ: ದುಂಡು ಗುರುತು ಸಾಮಾನ್ಯ, ಹರಳಿನಾಕಾರ ಅದಕ್ಕಿಂತ ಮೇಲು, ಒಂದು ಕಪ್ಪು ನಕ್ಷತ್ರ ರೇರ್, ಎರಡು ಕಪ್ಪು ನಕ್ಷತ್ರ ಡಬಲ್ ರೇರ್, ಎರಡು ಬೆಳ್ಳಿ ನಕ್ಷತ್ರ ಅಲ್ಟ್ರಾ ರೇರ್, ಒಂದು ಬಂಗಾರದ ನಕ್ಷತ್ರ, ಎರಡು ಬಂಗಾರದ ನಕ್ಷತ್ರ, ಮೂರು ಬಂಗಾರದ ನಕ್ಷತ್ರ. ಆ ಸರಣಿಯಲ್ಲಿ ಚಾರಿಝಾರ್ಡ್ ಇಎಕ್ಸ್ ಮೂರು ಕಡೆ ಇದೆ: 6ನೆಯ ನಂಬರಿನಲ್ಲಿ, 183ರಲ್ಲಿ, 199ರಲ್ಲಿ. ಆಟದಲ್ಲಿ ಮೂರರ ಶಕ್ತಿಯೂ ಒಂದೇ. ಚಿತ್ರ ಬೇರೆ, ನಕ್ಷತ್ರ ಬೇರೆ, ಬೆಲೆ ಬೇರೆ.

ಅವನು ಪೊಟ್ಟಣ ಬಿಚ್ಚುವ ರೀತಿಯನ್ನು ನಾನು ಸುಮ್ಮನೆ ಕೂತು ನೋಡಿದ್ದೇನೆ. ಹೆಬ್ಬೆರಳು ನೇರ ಕಾರ್ಡಿನ ಕೆಳಗಿನ ಎಡ ಮೂಲೆಗೆ ಹೋಗುತ್ತದೆ. ಅಲ್ಲಿ ಗುರುತು ನೋಡಿ, ಚಿತ್ರ ನೋಡುವ ಮೊದಲೇ ಕಾರ್ಡು ಬದಿಗೆ ಬೀಳುತ್ತದೆ.

"ಇದರಾಗ ಏನ ಐತಿ, ತೋರಸು," ಎಂದೆ.

"ಅಪ್ಪಾ, ಅದು ಬಲ್ಕ್," ಎಂದ. ಕೆಲಸಕ್ಕೆ ಬಾರದ್ದು ಎಂದರ್ಥ.

ಎತ್ತಿಕೊಂಡು ನೋಡಿದೆ. ಮಳೆ ಬಿದ್ದ ಅಂಗಳದಲ್ಲಿ ಒಂದು ಸಣ್ಣ ಪ್ರಾಣಿ ಎಲೆಯ ಕೆಳಗೆ ಕೂತಿತ್ತು. ಮೂಲೆಯಲ್ಲಿ ಅದನ್ನು ಬರೆದವರ ಹೆಸರೂ ಇತ್ತು. ನನಗೆ ಬೇಸರವಾಯಿತು. ಮಗನ ಮೇಲೆ ಬೇಸರವಾಗಲಿಲ್ಲ. ಯಾವುದನ್ನು ನೋಡಬೇಕು, ಯಾವುದನ್ನು ನೋಡದೆ ಬಿಡಬೇಕು ಎಂಬುದನ್ನು ಅವನ ಕಣ್ಣಿಗೆ ಪೊಟ್ಟಣವೇ ಕಲಿಸಿಬಿಟ್ಟಿತ್ತು. 2024–25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ನಾನು ಒಂದು ಪೊಟ್ಟಣಕ್ಕೆ ಕೊಟ್ಟದ್ದು ಅದಕ್ಕಿಂತ ಹೆಚ್ಚು. ನಮ್ಮೂರಿನ ಹೆಣ್ಣುಮಗಳೊಬ್ಬಳು ಬಿಸಿಲಲ್ಲಿ ದಿನವಿಡೀ ಮಣ್ಣು ಹೊತ್ತ ಕೂಲಿ, ಅರ್ಧ ನಿಮಿಷದಲ್ಲಿ 'ಬಲ್ಕ್' ಆಗಿ ಬದಿಗೆ ಬಿದ್ದಿತ್ತು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಸಾವಳಗಿಯ ಅಂಗಡಿಯಲ್ಲೂ ಪೊಕೆಮಾನ್ ಪೊಟ್ಟಣಗಳು ತೂಗಾಡುತ್ತಿದ್ದವು. ಹತ್ತಿಪ್ಪತ್ತು ರೂಪಾಯಿಯ ನಕಲಿ ಮಾಲು. ಬಿಚ್ಚಿದರೆ ಎಲ್ಲವೂ ಬಂಗಾರ ಬಣ್ಣ, ಎಲ್ಲವೂ ಮಿಂಚು, ಎಲ್ಲದರ ಮೂಲೆಯಲ್ಲೂ ದೊಡ್ಡ ಗುರುತು. ಕಲಾವಿದರ ದುಡಿಮೆಯನ್ನು ಕದ್ದ ಆ ಮಾಲನ್ನು ನಾನು ಒಪ್ಪುವುದಿಲ್ಲ. ಆದರೆ ಮಕ್ಕಳು ಅದರೊಂದಿಗೆ ಮಾಡುತ್ತಿದ್ದದ್ದನ್ನು ಬರೆಯದೆ ಬಿಡಲಾರೆ. ಮಧ್ಯಾಹ್ನ ಬೇವಿನ ನೆರಳಲ್ಲಿ ತಂಗಿಯ ಮಗ ಗೆಳೆಯರೊಂದಿಗೆ ದುಂಡಗೆ ಕೂತಿದ್ದ. ಇಬ್ಬರು ಒಮ್ಮೆಲೇ ಕಾರ್ಡು ಮಗುಚುತ್ತಾರೆ, ಎಚ್‌ಪಿ ಎಂಬ ಅಂಕಿ ಯಾರದು ಹೆಚ್ಚೋ ಅವರು ಎರಡನ್ನೂ ಒಯ್ಯುತ್ತಾರೆ.

"ನಂದು ಮುನ್ನೂರ ಮೂವತ್ತ ಐತಲೇ!"

"ಇದರಾಗ ರೇರ್ ಯಾವುದಪಾ?" ಎಂದು ಕೇಳಿದೆ.

"ಎಲ್ಲಾ ಬಂಗಾರದ್ದ ಬರ್ತಾವ ಮಾಮಾ, ಅದರಾಗ ರೇರ್ ಎಲ್ಲಿಂದ ಬರಬೇಕು," ಎಂದವನು ಸ್ವಲ್ಪ ಹೊತ್ತು ಯೋಚಿಸಿ, ಅಂಗಿಯ ಕಿಸೆಯಿಂದ ಒಂದನ್ನು ತೆಗೆದ. ಅಚ್ಚು ತಪ್ಪಿ ಬಂಗಾರ ಹತ್ತದೆ, ಬಿಳುಪಾಗಿಯೇ ಉಳಿದ ಕಾರ್ಡು. "ಇದ ನೋಡ್ರಿ. ಇಂಥಾದು ಯಾರ ಕಡೇನೂ ಇಲ್ಲ. ಐದು ಕೊಡ್ತೀನಿ ಅಂದ್ರೂ ನಾ ಕೊಟ್ಟಿಲ್ಲ."

ಕಂಪನಿಯ ನಕ್ಷತ್ರಗಳು ಅಲ್ಲಿ ಸೋತಿದ್ದವು. ತಮ್ಮ ಗುಂಪಿಗೆ ಯಾವುದು ಅಪರೂಪವೆಂದು ಮಕ್ಕಳು ತಾವೇ ತೀರ್ಮಾನಿಸಿದ್ದರು, ನಾವು ಪಾಕೀಟುಗಳಿಗೆ ಮಾಡಿದಂತೆ. ಬೆಂಗಳೂರಿನಿಂದ ಅಸಲಿ ಕಾರ್ಡು ತಂದಿದ್ದ ನನ್ನ ಮಗ ಅಂದು ಸಂಜೆಯವರೆಗೂ ಆ ನೆರಳಲ್ಲೇ ಇದ್ದ. ಅವನು ಬಲ್ಕ್ ಎಂದು ಬದಿಗಿಟ್ಟವುಗಳಿಗೆ ಅಲ್ಲಿ ಒಳ್ಳೆಯ ಕಿಮ್ಮತ್ತು ಬಂತು. ಆ ಗುಂಪಿನಲ್ಲಿ ಮಿಂಚದ ಕಾರ್ಡು ಇದ್ದದ್ದು ಅವನ ಹತ್ತಿರ ಮಾತ್ರ.

ಹಿಂದಿನದೇ ಚೆನ್ನಾಗಿತ್ತು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಸಿಗರೇಟಿನ ಪಾಕೀಟು ಮಕ್ಕಳ ಕೈಗೆ ಬರಬೇಕಾದ ವಸ್ತುವಲ್ಲ. ಪೊಕೆಮಾನ್ ಕಾರ್ಡಿನ ಚಿತ್ರಗಳು ನಿಜಕ್ಕೂ ಸೊಗಸು, ಆಟ ಬುದ್ಧಿಗೆ ಕೆಲಸ ಕೊಡುವಂಥದು. ಮುಚ್ಚಿದ ಪೊಟ್ಟಣ ಬಿಚ್ಚುವ ಸುಖವೂ ಸುಳ್ಳಲ್ಲ. ನನ್ನ ತಕರಾರು ಒಂದೇ. ಅಪರೂಪಕ್ಕೆ ಒಡೆಯನಿದ್ದಾನೆ ಎಂದ ಮೇಲೆ ಆ ಒಡೆಯ ಲೆಕ್ಕ ಕೊಡಬೇಕು. ಅಮೆರಿಕದ ಕ್ರೀಡಾ ಕಾರ್ಡುಗಳ ಪೊಟ್ಟಣದ ಹಿಂದೆ ಯಾವ ಬಗೆಯ ಕಾರ್ಡು ಎಷ್ಟು ಪೊಟ್ಟಣಕ್ಕೆ ಒಂದು ಎಂದು ಅಚ್ಚು ಹಾಕುವ ರೂಢಿ ಇದೆ. ಆಪಲ್ ಕಂಪನಿ 2017ರಲ್ಲೇ ತನ್ನ ಅಂಗಡಿಯಲ್ಲಿ ಇಂಥ ಅದೃಷ್ಟದ ಪೊಟ್ಟಣ ಮಾರುವ ಮೊಬೈಲ್ ಆಟಗಳಿಗೆ ಇದನ್ನು ಕಡ್ಡಾಯ ಮಾಡಿತು. 2024ರಲ್ಲಿ ಬಂದ ಪೊಕೆಮಾನ್ ಕಾರ್ಡಿನ ಮೊಬೈಲ್ ಆಟದಲ್ಲಿ ಪ್ರತಿ ಕಾರ್ಡಿನ ಸಾಧ್ಯತೆ ಶೇಕಡಾವಾರು ಬರೆದಿದೆ. ಮೊಬೈಲಿನಲ್ಲಿ ಆಗುವುದು ಕಾಗದದ ಮೇಲೆ ಆಗದೆ? ನಮ್ಮ ರಾಜ್ಯ 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿತು; ಆ ಲಾಟರಿ ಟಿಕೀಟಿನ ಮೇಲಾದರೂ ಬಹುಮಾನಗಳ ಪಟ್ಟಿ ಇರುತ್ತಿತ್ತು. ನಮ್ಮ ಮಕ್ಕಳು ಕೊಳ್ಳುವ ಬಹುಪಾಲು ಪೊಟ್ಟಣಗಳ ಮೇಲೆ ಅಷ್ಟೂ ಇಲ್ಲ.

2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಒಂದು ಬಿಸ್ಕತ್ತಿನ ಪೊಟ್ಟಣದ ಮೇಲೂ ಗರಿಷ್ಠ ಬೆಲೆ, ತೂಕ, ತಯಾರಿಸಿದವರ ಹೆಸರು ಇರಲೇಬೇಕು. ಮಕ್ಕಳಿಗೆ ಅದೃಷ್ಟ ಮಾರುವ ಪೊಟ್ಟಣದ ಮೇಲೆ ಇನ್ನೊಂದು ಸಾಲು ಸೇರಲಿ: ಯಾವ ಗುರುತಿನ ಕಾರ್ಡು ಎಷ್ಟು ಪೊಟ್ಟಣಕ್ಕೆ ಒಂದು. ಅದು ಕನ್ನಡದಲ್ಲೂ ಇರಲಿ, ಸಾವಳಗಿಯ ಹುಡುಗನೂ ಓದುವಂತೆ. ಅದು ಬರುವ ತನಕ, ತಂದೆತಾಯಿಗಳೇ, ಮಗು ಪೊಟ್ಟಣ ಕೇಳಿದಾಗ ಬೈಯಬೇಡಿ, ಕೇಳಿದ ಕೂಡಲೇ ಕೊಡಿಸಲೂ ಬೇಡಿ. ಪಕ್ಕದಲ್ಲಿ ಕೂಡಿಸಿಕೊಂಡು ಸರಣಿಯ ಪಟ್ಟಿ ತೆಗೆದು ಒಟ್ಟಿಗೆ ಲೆಕ್ಕ ಹಾಕಿ. ಯಾವುದೋ ಒಂದೇ ಕಾರ್ಡು ಬೇಕೆಂದರೆ ಬಿಡಿಯಾಗಿ ಮಾರುವವರಿದ್ದಾರೆ, ಅದೊಂದನ್ನೇ ಕೊಡಿಸಿ. ಪೊಟ್ಟಣವೇ ಬೇಕೆಂದರೆ ಒಂದು ಕೊಡಿಸಿ, ಆದರೆ ಬಂದ ಅಷ್ಟೂ ಕಾರ್ಡುಗಳ ಚಿತ್ರವನ್ನು ಮಗುವಿನ ಜೊತೆ ಕೂತು ನೋಡಿ.